ಹೆಸರು ಹಿಡಿದು ಕರೆಯುವವರು

ನಮ್ಮ ತಾಯಿಯವರು ತೀರಿಕೊಂಡು ಎರಡು ವರ್ಷಗಳಾಗುತ್ತ ಬಂದಿತು. ಅವರ ಕಂಠಧ್ವನಿಯು ನನ್ನ ತಮ್ಮನ ಮೊಬೈಲಿನಲ್ಲಿ ಉಳಿದಿರುವುದು. ಊಟಕ್ಕೆ ಹೊತ್ತಾಯಿತೆಂದು ನನ್ನನ್ನು ಮನೆಯ ಹೆಸರಿನಿಂದ ಕೂಗಿದ ಅರ್ಧ ನಿಮಿಷದ ಮಾತು, ಅಷ್ಟೆ. “ಕೇಳುತ್ತೀಯಾ, ಅಣ್ಣಾ?” ಎಂದು ಅವನು ಎರಡು ಮೂರು ಸಲ ಕೇಳಿದನು. ನನಗೆ ಧೈರ್ಯವಾಗಲಿಲ್ಲ. ಹೀಗಿರುತ್ತ, ಮೊನ್ನೆ ಆಫ್ರಿಕದ ಕಾಡಾನೆಗಳ ವಿಚಾರವನ್ನು ಓದುತ್ತಿದ್ದಾಗ ಅದೇ ಮಾತು ಮರಳಿ ನೆನಪಿಗೆ ಬಂದಿತು.

ಆನೆಯ ಭಾಷೆಯೆಂದರೆ ಘೀಳಿಡುವುದೊಂದೇ ಎಂದು ನಾನು ತಿಳಿದಿದ್ದೆನು. ಹಾಗಲ್ಲ. ಘೀಳಿಡುವುದು ಅಂಜಿಕೆಗೆ, ಕೋಪಕ್ಕೆ, ಸಂಭ್ರಮಕ್ಕೆ. ಸಂಸಾರದ ಮಾತುಕತೆಯೆಲ್ಲವೂ ಬಹುಮಟ್ಟಿಗೆ ಗಂಟಲಿನಾಳದಿಂದ ಹೊರಡುವ ಗುಡುಗುಡು ಮಂದ್ರಸ್ವರದಲ್ಲಿಯೇ. ಅದರಲ್ಲೊಂದಂಶವು ಮನುಷ್ಯನ ಕಿವಿಗೆ ನಿಲುಕುವುದೇ ಇಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ವಿದುಷಿಯು ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಬಳಿ ಇದ್ದಾಗ, ಸದ್ದಿಲ್ಲದೆ ಗಾಳಿ ಮಾತ್ರ ಮಿಡಿದಂತೆ ಆಕೆಗೆ ಭಾಸವಾಯಿತಂತೆ. ಧ್ವನಿಯನ್ನು ಮುದ್ರಿಸಿ ಪರೀಕ್ಷಿಸಲು ಗುಟ್ಟು ಹೊರಬಿದ್ದಿತು. ಅವು ಏಷ್ಯದ ಆನೆಗಳು. ಆಫ್ರಿಕದವೂ ಹೀಗೆಯೇ ಮಾತನಾಡುವುವೆಂಬುದು ಮುಂದೆ ಕೆಲವೇ ವರ್ಷಗಳಲ್ಲಿ ಕೀನ್ಯಾ ದೇಶದ ಅಂಬೊಸೆಲಿಯಲ್ಲಿ ತಿಳಿದುಬಂದಿತು.

ಆ ಅಂಬೊಸೆಲಿಯ ಬಯಲಿನಲ್ಲಿ 1972ರಿಂದಲೂ ಒಂದೊಂದಾನೆಯನ್ನೂ ಗುರುತಿಟ್ಟು ನೋಡುತ್ತ ಬಂದಿದ್ದಾರೆ. ಮೇವಿಗಾಗಿ ಚೆದರಿದ ಬಳಗವು ಕರೆಗೆ ಮರುಕರೆ ಕೊಡುತ್ತ ಮತ್ತೆ ಒಂದುಗೂಡುತ್ತದೆ. ಒಂದು ಹೆಣ್ಣಾನೆಯು ಸುಮಾರು ನೂರು ಆನೆಗಳ ದನಿಯನ್ನು ಬಲ್ಲದೆಂದು ಕ್ಯಾರೆನ್ ಮೆಕೋಂಬ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಹಿಂಡಿನ ಯಜಮಾನಿಗೆ ವಯಸ್ಸಾದಷ್ಟೂ ನೆಂಟರಾರು, ಹೊರಗಿನವರಾರು ಎಂಬ ವಿವೇಕವು ಹೆಚ್ಚು. ಅಂಥ ಹಿಂಡಿನಲ್ಲಿ ಮರಿಗಳ ಸಂತತಿಯೂ ಹೆಚ್ಚು. ದಂತದಾಸೆಗೆ ಅಂಥ ಮುದುಕಿಯನ್ನು ಕೊಂದವನು ಒಂದಾನೆಯನ್ನು ಮಾತ್ರ ಕೊಂದನೆನ್ನಬಹುದೆ? ಆ ಮನೆಯ ನೆನಪನ್ನೇ ಕೊಂದನು.

ಆನೆಗಳು ಒಂದನ್ನೊಂದು ಹೆಸರಿನಂಥ ಕೂಗಿನಿಂದ ಕರೆಯುವುವೆಂದೂ 2024ರಲ್ಲಿ ಪ್ರಕಟವಾಯಿತು. ಅಂಬೊಸೆಲಿ, ಸಂಬೂರುಗಳ 469 ಕೂಗುಗಳನ್ನು ಗಣಕಯಂತ್ರದಿಂದ ಶೋಧಿಸಿದರು. ಬಳಿಕ ಹದಿನೇಳು ಆನೆಗಳಿಗೆ ಕೂಗುಗಳನ್ನು ಕೇಳಿಸಿದರು. ತಮ್ಮನ್ನು ಕುರಿತ ಕೂಗಾದರೆ ಅವು ಬೇಗನೆ ಓಗೊಟ್ಟವು, ಬೇಗನೆ ಹತ್ತಿರ ಬಂದವು.

ಇಷ್ಟನ್ನೂ ಬೆರಗಿನಿಂದ ಓದಿದೆನು. ಆದರೆ ಓದು ನಿಂತುಹೋದದ್ದು ಬೇರೊಂದು ಕಡೆ. ಮೆಕೋಂಬ್ ಅವರ ತಂಡದವರು ತೀರಿಹೋಗಿದ್ದ ಒಂದು ಹೆಣ್ಣಾನೆಯ ಮುದ್ರಿತ ಕರೆಯನ್ನು ಅದರ ಬಳಗಕ್ಕೆ ಕೇಳಿಸಿದರು. ಸತ್ತು ಇಪ್ಪತ್ತಮೂರು ತಿಂಗಳಾದ ಮೇಲೂ ಬಳಗವು ಆ ದನಿಗೆ ಓಗೊಟ್ಟು, ಅದು ಬಂದ ದಿಕ್ಕಿಗೆ ನಡೆಯಿತು.

ಇಪ್ಪತ್ತಮೂರು ತಿಂಗಳು! ನಾನು ಲೆಕ್ಕ ಹಾಕಿ ನೋಡಿದೆನು. ನಮ್ಮ ಮನೆಯಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಆಗಿದ್ದಿತು.

ಆ ಸಂಜೆ ತಮ್ಮನಿಗೆ, “ಅದನ್ನು ಹಾಕಪ್ಪಾ” ಎಂದೆನು. ಅಮ್ಮನ ಕೂಗು ಕೇಳಿತು. “ಬಂದೆ, ಅಮ್ಮಾ” ಎಂಬ ಮಾತು ನನಗರಿಯದೆಯೇ ಬಾಯಿಂದ ಹೊರಟಿತು. ತಮ್ಮನು ನಗಲಿಲ್ಲ. ಇಬ್ಬರೂ ಎದ್ದು ಒಳಗೆ ಊಟಕ್ಕೆ ಹೋದೆವು.