ಡಬ್ಬಿಯ ಮೇಲಿನ ಹೆಸರು

“ಅಮ್ಮಾ, ಬೆಂಗಳೂರಿನ ಗೇಮ್ ಕಂಪೆನಿಯಲ್ಲಿ ಕೆಲಸ ಸಿಕ್ಕಿದೆ, ಹೋಗಲೇ?” ಎಂದು ಮಗಳು ಕೇಳಿದಾಗ ಒಗ್ಗರಣೆ ಹಾಕುತ್ತಿದ್ದ ನನ್ನ ಕೈ ನಿಂತಿತು. ಮೂವತ್ತು ವರ್ಷ ಮಕ್ಕಳಿಗೆ ‘ಆಟ ಸಾಕು, ಓದಿ’ ಎಂದವಳು ನಾನು! ಪಿ.ಜೆ. ಬಡಾವಣೆಯ ನೆರೆಹೊರೆಗೆ ಏನೆಂದು ಹೇಳಲಿ?

ನಮ್ಮೂರಿನ ದೃಶ್ಯಕಲಾ ಕಾಲೇಜಿನಲ್ಲಿ ಚಿತ್ರ ಕಲಿತ ಹುಡುಗಿ ನನ್ನನ್ನು ಕೂರಿಸಿಕೊಂಡು ‘ಧ್ರುವ ಇಂಟರಾಕ್ಟಿವ್’ ಕಥೆ ಹೇಳಿದಳು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆ. ವಿಡಿಯೋ ಗೇಮ್ ಕೆಲಸಕ್ಕೆ ದೇಶದಲ್ಲೇ ಮೊದಮೊದಲು ಇಳಿದವರಲ್ಲಿ ಒಂದು. ಹೊರದೇಶದವರ ಆಟಗಳಿಗೆ ಬೇಕಾದ ಚಿತ್ರಗಳನ್ನು ನಮ್ಮ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ರೂಪಿಸಿಕೊಟ್ಟರು. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಕಾರು ಓಟದ ಆಟದಲ್ಲೂ ಅವರ ಕೈಕೆಲಸವಿದೆ. 2016ರಲ್ಲಿ ಅದನ್ನು ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರು ಸ್ಟುಡಿಯೋದೊಳಗೆ ಸೇರಿಸಿಕೊಂಡಿತು.

“ಅಲುಗದ ನಕ್ಷತ್ರದ ಹೆಸರಿಟ್ಟುಕೊಂಡರೂ ಹೆಸರು ಉಳಿಯಲಿಲ್ಲವಲ್ಲೇ!”

“ಕೆಲಸ ಕಲಿತವರು ಉಳಿದರಲ್ಲಮ್ಮಾ.”

ನನಗೆ ಅಪ್ಪನ ನೆನಪಾಯಿತು. ಹತ್ತಿಗಿರಣಿಯಲ್ಲಿ ದುಡಿದವರು ಅವರು. ನೇಯ್ದ ಬಟ್ಟೆಯ ಮೇಲೆ ಗಿರಣಿಯ ಮುದ್ರೆ ಬೀಳುತ್ತಿತ್ತು, ಅಪ್ಪನ ಹೆಸರಲ್ಲ. ಆ ಗಿರಣಿಯೂ ಮುಚ್ಚಿತು. ಆದರೆ ನಾನು ಬಿ.ಎ., ಬಿ.ಎಡ್. ಓದಿದ್ದು ಆ ಸಂಬಳದಲ್ಲೇ.

“ನೀನು ಬರೆದ ಚಿತ್ರಕ್ಕೆ ನಿನ್ನ ಹೆಸರು ಹಾಕುತ್ತಾರೇನೇ?” ಎಂದೆ.

“ಆಟದ ಕೊನೆಗೆ ಪಟ್ಟಿಯಲ್ಲಿ ಬರಬಹುದು, ಬರದೆಯೂ ಇರಬಹುದು.”

ಮರುದಿನ ಪಾತ್ರೆ ಅಂಗಡಿಗೆ ಹೋಗಿ ಸ್ಟೀಲಿನ ಊಟದ ಡಬ್ಬಿ ಕೊಂಡೆ. “ಯಾರ ಹೆಸರು ಹಾಕಲಿ, ಟೀಚರ್?” ಎಂದ ಅಂಗಡಿಯವನು. ಮಗಳ ಹೆಸರು ಹೇಳಿದೆ.