ಹರಾಜಿಗಿಟ್ಟ ಮರ್ಯಾದೆ

ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣದ ಪೀರಿಯಡ್ಡು ಬಿದ್ದಿರುವುದು ಶನಿವಾರದ ಕೊನೆಗೆ. ಯಾರಿಗೂ ಬೇಡದ ಹೊತ್ತು ಅದು. ಗಣಿತದ ಮೇಷ್ಟ್ರು ಅದನ್ನು ಕೇಳಿ ತೆಗೆದುಕೊಳ್ಳುತ್ತಿದ್ದರು, ಪಿ.ಟಿ. ಮೇಷ್ಟ್ರು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಈಗ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಸಂಧಿ, ಸಮಾಸ, ಛಂದಸ್ಸು ಸಂಬಳಕ್ಕಾಯಿತು. ಇದೊಂದು ಪೀರಿಯಡ್ಡು ನನ್ನ ಖುಷಿಗೆ.

ತಯಾರಿಯಲ್ಲೇ ಅರ್ಧ ಸುಖವಿದೆ. ಶುಕ್ರವಾರ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತ ಕೂರುತ್ತೇನೆ. ಇವು ಹರಾಜಿನ ಚೀಟಿಗಳು. ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಹರಾಜು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ರೇಷ್ಮೆಗೂಡಿನ ಲಾಟು ಮಾರುಕಟ್ಟೆಗೆ ಹೋದ ದಿನ ಎಷ್ಟಕ್ಕೆ ನಿಂತಿತು ಎಂಬುದರ ಮೇಲೆ ಆ ರಾತ್ರಿಯ ಮನೆಯ ಮಾತುಕತೆಯೇ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತು. ಅಲ್ಲಿ ಇ-ಹರಾಜು ಬಂದಿದೆ. ನಮ್ಮ ಒಂಬತ್ತನೇ ತರಗತಿಯಲ್ಲಿ ಇನ್ನೂ ಕೂಗುವುದೇ. ತಲೆಗೆ 1,000 ರೂಪಾಯಿಯ ಕಾಗದದ ದುಡ್ಡು, ಮೇಜು ಬಡಿಯಲು ನನ್ನ ಕೈಯಲ್ಲೊಂದು ಡಸ್ಟರು.

ಚೀಟಿಯಲ್ಲಿ ಏನು ಬರೆಯಬೇಕು ಎಂಬುದರಲ್ಲೇ ಎಲ್ಲ ಕಸುಬೂ ಇರುವುದು. ಸತ್ಯ, ದಯೆ, ಪ್ರಾಮಾಣಿಕತೆ ಎಂದು ಬರೆದಿಟ್ಟರೆ ಪ್ರಾರ್ಥನೆಯ ಸಾಲಿನ ಮುಖ ಹಾಕಿಕೊಂಡು ಎಲ್ಲದಕ್ಕೂ ಕೈಯೆತ್ತುತ್ತಾರೆ. ಆ ಪದಗಳು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿವೆ, ಅಲ್ಲೇ ಇರಲಿ. ನಾನು ಬರೆಯುವುದು ಹೀಗೆ: ‘ಕಾಪಿ ಹೊಡೆಯದೆ ಬಂದ ನಲವತ್ತು ಮಾರ್ಕು’, ‘ಗುಟ್ಟು ಹೇಳಿದರೆ ಯಾರಿಗೂ ಬಾಯಿಬಿಡದ ಒಬ್ಬಳು ಗೆಳತಿ’, ‘ಪಿಯುಸಿಗೆ ಯಾವ ಕಾಂಬಿನೇಷನ್ ಎಂದು ನಾನೇ ಹೇಳುವ ಹಕ್ಕು’, ‘ಮನೆಯ ಸಾಲ ಪೂರ್ತಿ ತೀರಿದ ರಸೀದಿ’, ‘ನಾಲ್ಕು ಜನರ ಮುಂದೆ ಮರ್ಯಾದೆ’. ಇನ್ನೊಂದು ಚೀಟಿ ಬೇರೆ ಜಿಲ್ಲೆಯವರಿಗೆ ಅರ್ಥವಾಗಲಿಕ್ಕಿಲ್ಲ: ‘ನಾಲ್ಕನೇ ಜ್ವರ ಎದ್ದ ವಾರದಲ್ಲೂ ರಾತ್ರಿ ಪೂರ್ತಿ ನಿದ್ದೆ’. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ತಿಂದು ಮುಗಿಸುವುದು ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಆ ಕೊನೆಯ ವಾರದಲ್ಲೇ. ಆಗ ಹುಳು ಸಾಕುವ ಮನೆಯ ಹುಡುಗರು ಶಾಲೆಗೆ ಬಂದರೂ ಕಣ್ಣು ಮಾತ್ರ ಹುಳುಮನೆಯಲ್ಲೇ ಇರುತ್ತದೆ. ಆ ಚೀಟಿ ಅಗ್ಗಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಒಂದು ಸಲ, ಎರಡು ಸಲ ಎಂದು ಕೂಗುವಾಗ ನನ್ನ ಕಣ್ಣು ಕೈಯೆತ್ತಿದವರ ಮೇಲಿರುವುದಿಲ್ಲ, ಎತ್ತದವರ ಮೇಲಿರುತ್ತದೆ. ಬಾಯಿ ತೆರೆದರೆ ಬೈಕು, ದುಡ್ಡು ಎನ್ನುವ ಹಿಂದಿನ ಬೆಂಚಿನ ಹುಡುಗನೊಬ್ಬ ಹರಾಜಿನುದ್ದಕ್ಕೂ ಪೈಸೆ ಬಿಚ್ಚದೆ ಕೂತಿದ್ದ. ಸಾಲದ ರಸೀದಿ ಹೊರಬಂದದ್ದೇ ತಡ, ಅಷ್ಟೂ ದುಡ್ಡನ್ನು ಒಂದೇ ಕೂಗಿಗೆ ಸುರಿದ. ಮರ್ಯಾದೆ ಐವತ್ತು ರೂಪಾಯಿಗೂ ಏಳಲಿಲ್ಲ. ಯಾಕ್ರಪ್ಪಾ ಎಂದು ಕೇಳಿದೆ. “ಅದು ಅಪ್ಪನಿಗೆ ಬೇಕಾಗಿರೋದು ಮಿಸ್, ನಮಗಲ್ಲ” ಎಂದಳು ಮುಂದಿನ ಸಾಲಿನ ಹುಡುಗಿ. ಇಂಥ ಮಾತಿಗೆ ಉತ್ತರ ಕೊಡಬಾರದು. ಬಾಯಿಗೆ ಬಂದ ನೀತಿಯನ್ನು ನುಂಗಿಕೊಂಡು ಮುಂದಿನ ಚೀಟಿ ಎತ್ತಬೇಕು. ಪಾಠ ಹೇಳಿ ಹೇಳಿ ಬಾಯಿ ಅಭ್ಯಾಸವಾದ ನಮ್ಮಂಥವರಿಗೆ ಈ ಆಟದಲ್ಲಿ ಎಲ್ಲಕ್ಕಿಂತ ಕಷ್ಟದ ವರಸೆ ಇದೇ. ಹರಾಜು ಮುಗಿದ ಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಇದನ್ನು ಕೊಳ್ಳಲು ಯಾವುದನ್ನು ಬಿಟ್ಟೆ? ಹೇಳಲು ಮನಸ್ಸಿಲ್ಲದವರು ‘ಪಾಸ್’ ಎನ್ನಬಹುದು. ಪಾಸ್ ಎಂದವರನ್ನು ಮತ್ತೆ ಕೆದಕುವುದಿಲ್ಲ.

ಇದೆಲ್ಲ ನನ್ನ ತಲೆಯಿಂದಲೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಲೂಯಿ ರಾತ್ಸ್, ಮೆರಿಲ್ ಹಾರ್ಮಿನ್, ಸಿಡ್ನಿ ಸೈಮನ್ ಎಂಬ ಮೂವರು 1966ರಲ್ಲಿ ಒಂದು ಪುಸ್ತಕ ಬರೆದು, ಮೌಲ್ಯವನ್ನು ಉಪದೇಶಿಸುವ ಬದಲು ಮಕ್ಕಳೇ ಹುಡುಕಿಕೊಳ್ಳಲಿ ಎಂದರು. ಒಂದನ್ನು ಮೌಲ್ಯ ಎನ್ನಲು ಅವರ ಲೆಕ್ಕ ಬಿಗಿಯಾದದ್ದು. ಬೇರೆ ದಾರಿಗಳೂ ಕಣ್ಣಮುಂದಿರುವಾಗ, ಪರಿಣಾಮ ಯೋಚಿಸಿ, ಯಾರ ಒತ್ತಾಯವೂ ಇಲ್ಲದೆ ಆರಿಸಿಕೊಂಡಿರಬೇಕು. ಅದರ ಬಗ್ಗೆ ಹೆಮ್ಮೆಯಿದ್ದು ನಾಲ್ವರೆದುರು ಹೇಳುವಂತಿರಬೇಕು. ನಡೆದು ತೋರಿಸಿರಬೇಕು, ಅದೂ ಒಮ್ಮೆಯಲ್ಲ, ಮತ್ತೆ ಮತ್ತೆ. ಈ ಜರಡಿಯಲ್ಲಿ ಹಾಕಿದರೆ ನಮ್ಮ ಸ್ಟಾಫ್‌ರೂಮಿನಲ್ಲಿ ಎಷ್ಟು ಮೌಲ್ಯ ಉಳಿದೀತೋ! 1972ರಲ್ಲಿ ಸೈಮನ್ ಮತ್ತು ಜೊತೆಗಾರರು ಇಂಥ 79 ಚಟುವಟಿಕೆಗಳ ಕೈಪಿಡಿಯನ್ನೇ ತಂದರು.

ಅದರಲ್ಲಿ ನನಗೆ ಪ್ರಿಯವಾದದ್ದು ಇಷ್ಟದ ಇಪ್ಪತ್ತು ಕೆಲಸಗಳ ಪಟ್ಟಿ. ಹತ್ತರವರೆಗೆ ಸರಸರ ಬರೆಯುತ್ತಾರೆ, ಆಮೇಲೆ ಪೆನ್ನು ಕಚ್ಚುತ್ತಾರೆ. ಬರೆದಾದ ಮೇಲೆ ದುಡ್ಡು ಬೇಕಾದದ್ದಕ್ಕೆ ರೂಪಾಯಿ ಗುರುತು, ಒಬ್ಬರೇ ಮಾಡುವುದಕ್ಕೆ ‘ಒ’, ಕೊನೆಯ ಸಲ ಮಾಡಿದ್ದು ಯಾವಾಗ ಎಂಬ ತಾರೀಕು, ಅಮ್ಮನ ಪಟ್ಟಿಯಲ್ಲೂ ಇದ್ದೀತು ಅನ್ನಿಸುವುದಕ್ಕೆ ‘ಅ’. ಅನೇಕರು ಈ ‘ಅ’ದ ಹತ್ತಿರ ನಿಂತುಬಿಡುತ್ತಾರೆ. ಅಮ್ಮನಿಗೆ ಏನು ಇಷ್ಟ ಎಂಬುದೇ ಗೊತ್ತಿಲ್ಲ! ಕೇಳಿಕೊಂಡು ಬನ್ನಿ ಎಂದು ಕಳಿಸಿದ್ದಕ್ಕೆ ಒಬ್ಬ ಸೋಮವಾರ ಪ್ರಾರ್ಥನೆಗೂ ಮುಂಚೆ ಓಡಿಬಂದ: “ಅಮ್ಮ ಕಬಡ್ಡಿ ಆಡ್ತಿದ್ರಂತೆ ಮಿಸ್, ತಾಲ್ಲೂಕು ಲೆವೆಲ್ಲು!”

ಆದರೆ ಆ ಅಮೆರಿಕದವರ ಪುಸ್ತಕದಲ್ಲಿಲ್ಲದ ಒಂದು ಸರಕು ನಮ್ಮಲ್ಲಿದೆ. ‘ಗೋವಿನ ಹಾಡು’ ಬಾರದ ಮಗು ನನ್ನ ತರಗತಿಗೆ ಬಂದಿಲ್ಲ. ಡೆಸ್ಕುಗಳನ್ನು ಗೋಡೆಗೆ ತಳ್ಳಿ ಕೋಣೆಯ ನಾಲ್ಕು ಮೂಲೆ ಖಾಲಿ ಮಾಡಿಸುತ್ತೇನೆ. ಪುಣ್ಯಕೋಟಿ ಹಿಂದಿರುಗಿ ಹೋದದ್ದು ಸರಿ ಎನ್ನುವವರು ಒಂದು ಮೂಲೆ, ತಪ್ಪು ಎನ್ನುವವರು ಇನ್ನೊಂದು, ಹುಲಿಯ ಪರ ಮೂರನೆಯದು, ಕರುವಿನ ಪರ ನಾಲ್ಕನೆಯದು. ಶುರುವಿನಲ್ಲಿ ಎಲ್ಲರೂ ಮೊದಲ ಮೂಲೆಯಲ್ಲೇ ಕಿಕ್ಕಿರಿಯುತ್ತಾರೆ. ಅದು ಮಾರ್ಕು ಸಿಗುವ ಮೂಲೆ. ಅಲ್ಲಿಂದ ಒಬ್ಬಳು ಹೊರಟಳೆಂದರೆ ಆಟ ಕಳೆಗಟ್ಟಿತು. “ಹುಲಿಗೆ ಕೊಟ್ಟ ಮಾತು ಮಾತು, ಹೆತ್ತ ಕರುವಿಗೆ ಮಾತೇ ಕೊಟ್ಟಿಲ್ವಾ?” ಹುಲಿಯ ಮೂಲೆಯಿಂದ ಇನ್ನೊಬ್ಬ: “ಅದು ಹುಲ್ಲು ತಿನ್ಬೇಕಿತ್ತಾ? ತನ್ನ ಊಟ ಮಾಡೋಕೆ ಹೋಗಿದ್ದಕ್ಕೆ ಹಾರಿ ಸಾಯ್ಬೇಕಾ?” ಮೂಲೆ ಬದಲಿಸಿದರೆ ನಾಚಿಕೆಯಿಲ್ಲ ಎಂಬುದು ನಿಯಮ. ಹಾಗಾಗಿ ಓಡಾಟವೋ ಓಡಾಟ. ಪಕ್ಕದ ತರಗತಿಯಿಂದ ದೂರು ಬಂದೇ ಬರುತ್ತದೆ.

ಹಾಗಾದರೆ ಎಲ್ಲವೂ ಅವರವರ ಇಷ್ಟವೇ? ಈ ಪದ್ಧತಿಗೆ ಅಮೆರಿಕದಲ್ಲೇ ಬಿದ್ದ ಏಟು ಇದೇ: ಯಾವ ಮೌಲ್ಯವಾದರೂ ಸೈ ಎಂದು ಮಕ್ಕಳಿಗೆ ಕಲಿಸುತ್ತೀರಿ ಎಂದು. ನನ್ನ ಮಟ್ಟಿಗೆ ಆ ಟೀಕೆಯಲ್ಲಿ ಹುರುಳಿದೆ. ನಾನು ಎಲ್ಲವನ್ನೂ ಮೂಲೆಗಳಿಗೆ ಬಿಡುವುದಿಲ್ಲ. ಯಾರ ಮನೆಯ ನೀರು ಯಾರು ಕುಡಿಯಬಹುದು ಎಂಬುದಕ್ಕೆ ನನ್ನ ತರಗತಿಯಲ್ಲಿ ನಾಲ್ಕು ಮೂಲೆಗಳಿಲ್ಲ. ಸಂವಿಧಾನದ 17ನೇ ವಿಧಿ ಅದನ್ನು ಮುಗಿಸಿಯಾಗಿದೆ. ಅಂದು ಆಟವಲ್ಲ, ಪಾಠ. ಗೆಳೆಯ ಕದ್ದದ್ದು ಗೊತ್ತಾದರೆ ಹೇಳುವುದೋ ಬಿಡುವುದೋ, ಅಕ್ಕನ ಓದಿಗೋ ತಮ್ಮನ ಬೈಕಿಗೋ ದುಡ್ಡು ಎಂಬಂಥವು ಆಟಕ್ಕೆ ಒದಗುತ್ತವೆ. ಎರಡೂ ಕಡೆ ಎಳೆತ ಇರುವಲ್ಲಿ ಮಾತ್ರ ಮಕ್ಕಳು ಯೋಚಿಸುತ್ತಾರೆ.

ಈ ವಾರದ ಚೀಟಿಗಳನ್ನು ಮಕ್ಕಳೇ ಬರೆದುಕೊಟ್ಟಿದ್ದಾರೆ. ‘ಅಣ್ಣ ನೋಡದ ಮೊಬೈಲು’ ಮೂರು ಕೈಬರಹಗಳಲ್ಲಿ ಬಂದಿದೆ. ‘ಅಜ್ಜಿ ಇನ್ನೂ ಹತ್ತು ವರ್ಷ’ ಎಂಬುದೊಂದಿದೆ. ‘ಮಿಸ್ ಬೈಯದ ಒಂದು ದಿನ’ ಎಂದೂ ಯಾರೋ ಬರೆದಿದ್ದಾರೆ. ಅದನ್ನು ಎಲ್ಲಕ್ಕಿಂತ ಮೊದಲು ಕೂಗಿ, ಎಷ್ಟಕ್ಕೆ ನಿಲ್ಲುತ್ತದೋ ನೋಡಬೇಕು.