ಮೀನಿಲ್ಲದ ಮೀನಿನ ತೊಟ್ಟಿ

ಉಪ್ಪುನೀರಿನ ಮೀನು ಸಾಕಬೇಕೆಂದು ಆಸೆಪಡುವವರು ಮೊದಲು ಬರೀ ನೀರನ್ನು ಸಾಕುವುದು ಕಲಿಯಬೇಕು. ಇದು ತಮಾಷೆಗೆ ಹೇಳುವ ಮಾತಲ್ಲ. ಕಳೆದ ಬೇಸಿಗೆಯಲ್ಲಿ ನಂಜನಗೂಡಿನ ನಮ್ಮ ಮನೆಯ ಹಜಾರದಲ್ಲಿ ನೂರು ಲೀಟರಿನ ಗಾಜಿನ ತೊಟ್ಟಿಯೊಂದು 38 ದಿನ ಒಂದೂ ಮೀನಿಲ್ಲದೆ ಗುಳುಗುಳು ಅನ್ನುತ್ತಾ ಕೂತಿತ್ತು. ಬಂದವರೆಲ್ಲ ಇಣುಕಿ ನೋಡಿ, "ಮೀನೆಲ್ರೀ?" ಎಂದು ಕೇಳಿದ್ದೇ ಕೇಳಿದ್ದು.

ತೊಟ್ಟಿ ತಂದವರು ನಮ್ಮ ಅಳಿಯಂದಿರು. ಮಗಳು ಎರಡನೆಯ ಹೆರಿಗೆಗೆ ಬಂದಿದ್ದಳು, ಜೊತೆಗೆ ಏಳು ವರ್ಷದ ಮೊಮ್ಮಗಳು. ಪಾಪು ಬಂದ ಮೇಲೆ ತನ್ನನ್ನು ಕೇಳೋರಿಲ್ಲ ಅನ್ನುವ ಅಳುಕು ಆ ಮಗುವಿನ ಮನಸ್ಸಿಗೆ ಆಗಲೇ ಹೊಕ್ಕಿತ್ತು. ಅವಳದೇ ಅಂತ ಒಂದಿರಲಿ ಎಂದು, ಸಿನಿಮಾದಲ್ಲಿ ನೋಡಿ ಮೆಚ್ಚಿದ್ದ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಕ್ಲೌನ್ ಮೀನು ಕೊಡಿಸುವ ಮಾತು ಕೊಟ್ಟಿದ್ದರು. ಎಲ್ಲ ಜೋಡಿಸಿ, "ಅತ್ತೆ, ನೀರು ಹದಕ್ಕೆ ಬರೋವರೆಗೂ ಯಾರೇ ಹೇಳಿದ್ರೂ ಮೀನು ಬಿಡಬೇಡಿ" ಎಂದು ನನಗೆ ಒಪ್ಪಿಸಿ ಕೆಲಸಕ್ಕೆ ಹೊರಟರು.

ಹದ ಅಂದರೇನು? ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯ ಹೊರಬರುತ್ತದೆ. ಮಿಕ್ಕ ಆಹಾರ, ಹೇಸಿಗೆ ಕೊಳೆತರೂ ಅದೇ. ಸಮುದ್ರದಲ್ಲಾದರೆ ಅದು ಎಲ್ಲಿಯೋ ಕರಗಿ ಹೋಗುತ್ತದೆ. ತೊಟ್ಟಿಯಲ್ಲಿ ಅಲ್ಲೇ ಉಳಿದು ಮೀನಿನ ಕಿವಿರನ್ನೇ ಸುಡುತ್ತದೆ. ಅದನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಕೊನೆಯದರಿಂದ ಅಷ್ಟು ತೊಂದರೆಯಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರಾಯಿತು. ಮಣ್ಣಿನಲ್ಲಿ ಇದೇ ಕೆಲಸ ಮಾಡುವ ಜೀವಿಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಬೇರ್ಪಡಿಸಿ ತೋರಿಸಿದ್ದರಂತೆ.

ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಆದರೆ ಮೊಸರಿನ ಜೀವಿಗಳು ಗಂಟೆಗೊಳಗೇ ಇಮ್ಮಡಿಯಾಗುತ್ತವೆ, ರಾತ್ರಿ ಹಾಕಿದರೆ ಬೆಳಿಗ್ಗೆ ಗಟ್ಟಿ ಮೊಸರು. ಇವು ಬಲು ನಿಧಾನ. ಇಮ್ಮಡಿಯಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಅದಕ್ಕೇ ನಾಲ್ಕರಿಂದ ಆರು ವಾರ ಕಾಯಬೇಕಾಗುತ್ತದೆ.

ನಾವು ಮಾಡಿದ್ದು ಇಷ್ಟು. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು ಬೆರೆಸಿದೆವು. ಅಡುಗೆ ಉಪ್ಪು ನಡೆಯದು, ಸಮುದ್ರದ ನೀರಿನಲ್ಲಿರುವ ಸುಣ್ಣ, ಮೆಗ್ನೀಸಿಯಂಗಳೂ ಬೇಕು. ಮರಳು ಹಾಸಿ, ತೂತುತೂತಾದ ಒಣ ಕಲ್ಲುಗಳನ್ನು ಜೋಡಿಸಿದೆವು. ಜೀವಿಗಳು ಮನೆ ಮಾಡುವುದು ಅಲ್ಲಿಯೇ. ಸಮುದ್ರದಿಂದ ಹವಳದ ಕಲ್ಲು ತರುವಂತಿಲ್ಲ; ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 2001ರಿಂದ ಗಟ್ಟಿ ಹವಳಗಳಿಗೆ ರಕ್ಷಣೆಯಿದೆ. ಆಮೇಲೆ ಜೀವಿಗಳಿಗೆ ಊಟ ಬೇಕಲ್ಲ? ಅದಕ್ಕೆ ಒಂದು ಚಿಟಿಕೆ ನವಸಾಗರ. ಹೌದು, ಕಲಾಯಿಯವನು ಕಾದ ಪಾತ್ರೆಗೆ ಎರಚುತ್ತಾನಲ್ಲ, ಅದೇ. ಆದರೆ ಶುದ್ಧ ಮಾಡಿದ್ದು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಬರುವಷ್ಟು ಸಾಕು. ದೀಪ ಹಾಕಲಿಲ್ಲ, ಹಾಕಿದರೆ ಪಾಚಿ ಕಟ್ಟುತ್ತದೆ.

ನೀರು ಪರೀಕ್ಷಿಸುವ ಕೆಲಸ ಮೊಮ್ಮಗಳದು. ಗಾಜಿನ ನಳಿಗೆಗೆ ನೀರು ತುಂಬಿ ಔಷಧಿಯ ಹನಿ ಹಾಕಿದರೆ ಬಣ್ಣ ಬರುತ್ತದೆ. ಹಳದಿಯಾದರೆ ಅಮೋನಿಯ ಇಲ್ಲ, ಹಸಿರಾದಷ್ಟೂ ಜಾಸ್ತಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ದಿನವೂ ಬರೆದಿಟ್ಟಳು. ಐದನೆಯ ದಿನದ ಚೌಕದಲ್ಲಿ "ಹಸಿರು, ತಮ್ಮ ಹುಟ್ಟಿದ" ಎಂದಿದೆ!

ಹದಿನಾರನೆಯ ದಿನ ಪಾಪುವಿನ ನಾಮಕರಣ. ಮನೆ ತುಂಬ ನೆಂಟರು. ಆಗ ನನ್ನ ತಮ್ಮ ಮೈಸೂರಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕ್ಲೌನ್ ಮೀನು ಹಿಡಿದು ಬಂದ. ಮಗು ಕುಣಿದಾಡಿಬಿಟ್ಟಿತು. ಬೆಳಿಗ್ಗೆ ನೋಡಿದ ಅಮೋನಿಯ ಇನ್ನೂ 1 ಇತ್ತು. ಸಮುದ್ರದ ನೀರು ಕ್ಷಾರಗುಣದ್ದು, ಅದರಲ್ಲಿ ಅಮೋನಿಯದ ವಿಷ ಇನ್ನೂ ಜೋರು. "ಬಿಡೋದು ಬೇಡ ಕಣೋ" ಅಂದೆ.

"ಏನಕ್ಕಾ, ಶುಭಕಾರ್ಯದ ದಿನ ಮಗೂನ ಅಳಿಸ್ತೀಯಾ? ಬಿಡು, ಬದುಕಿದ್ರೆ ಬದುಕ್ತವೆ."

ಬದುಕದೆ ಹೋದರೆ? ಮರುದಿನ ಅವು ತೇಲುತ್ತಿರುವುದನ್ನು ನೋಡುವವಳೂ ಅದೇ ಮಗು ತಾನೇ? ಊಟಕ್ಕೂ ಮುಂಚೆ ನಮ್ಮವರನ್ನು ಕಳಿಸಿ ಮೀನುಗಳನ್ನು ಅಂಗಡಿಗೆ ವಾಪಸ್ಸು ಮುಟ್ಟಿಸಿದೆ. ತಮ್ಮ ಮುಖ ಊದಿಸಿಕೊಂಡೇ ಹೋಳಿಗೆ ತಿಂದ. ಮಗು, "ಎಲ್ಲರೂ ಪಾಪೂನೇ ನೋಡ್ತಾರೆ, ನನ್ನ ಮೀನು ಮಾತ್ರ ಬರಲ್ಲ" ಎಂದು ಅತ್ತೂ ಅತ್ತೂ ನನ್ನ ಸೆರಗಿನಲ್ಲೇ ನಿದ್ದೆಹೋಯಿತು. ಆ ರಾತ್ರಿ ನನಗೂ ನಿದ್ದೆ ಹತ್ತಲಿಲ್ಲ. ಬೆಳಗಾದಾಗ ಹಲ್ಲುಜ್ಜುವ ಮೊದಲೇ ನಳಿಗೆ ಹಿಡಿದು ಬಂದು ನಿಂತಳು. "ಅಜ್ಜಿ, ಇವತ್ತು ಎಷ್ಟು ಹಸಿರು?"

ಮೂವತ್ತೆಂಟನೆಯ ದಿನ, ಹಿಂದಿನ ದಿನ ಹಾಕಿದ ನವಸಾಗರ ಪೂರ್ತಿ ಜೀರ್ಣವಾಗಿತ್ತು. ಅಮೋನಿಯ ಇಲ್ಲ, ನೈಟ್ರೈಟ್ ಇಲ್ಲ. ಹದ ಬಂದಿತೆನ್ನುವುದಕ್ಕೆ ಇದೇ ಗುರುತು. ಅರ್ಧ ನೀರು ಬದಲಿಸಿ, ಎರಡು ಚಿಕ್ಕ ಮೀನು ತಂದೆವು. ಸಮುದ್ರದಲ್ಲಿ ಹಿಡಿದವಲ್ಲ, ಸಾಕಣೆಯಲ್ಲೇ ಹುಟ್ಟಿದವು. ನೀವೂ ತರುವುದಾದರೆ ಒಂದೇ ಸಲ ತೊಟ್ಟಿ ತುಂಬಿಸಬೇಡಿ, ಜೀವಿಗಳು ಇದ್ದ ಊಟಕ್ಕೆ ತಕ್ಕಷ್ಟೇ ಬೆಳೆದಿರುತ್ತವೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್ನಿಗೆ ಅವು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಮೊನ್ನೆ ತಮ್ಮ ಬಂದಿದ್ದ. "ಏನಮ್ಮಾ, ಇನ್ನೊಂದು ಮೀನು ತರಲಾ?" ಎಂದು ರಜಕ್ಕೆ ಬಂದಿದ್ದ ಮೊಮ್ಮಗಳನ್ನೇ ಕೇಳಿದ. ಅವಳು ನಳಿಗೆ ತರಲು ಎದ್ದಳು. "ಇರಿ ತಾತ, ನೀರು ನೋಡಿ ಹೇಳ್ತೀನಿ."